ನಂಜಮ್ಮಣ್ಣಿಯ ಜಗಲಿಯ ಶೋಕೇಸು

ನಂಜಮ್ಮಣ್ಣಿಯವರು ದೇವರ ಮುಂದೆ ದೀಪ ಹಚ್ಚಿ, ಹಾಗೇ ಹೊರಗೆ ಬಂದು ಶೋಕೇಸಿನ ಲೈಟು ಹಾಕುತ್ತಿದ್ದರು. ಹಣೆಯ ವಿಭೂತಿ ಇನ್ನೂ ಒಣಗಿರುತ್ತಿರಲಿಲ್ಲ. ಚಾಮರಾಜನಗರದ ನಮ್ಮ ಬೀದಿಗೆ ಸಂಜೆಯಾಯಿತು ಎನ್ನುವುದಕ್ಕೆ ಆ ಎರಡನೆಯ ದೀಪವೇ ಗುರುತು. ಮಿಠಾಯಿ ಅಂಗಡಿಯಲ್ಲಿ ಇರುತ್ತದಲ್ಲ, ಮುಂದುಗಡೆ ಓರೆಯಾದ ಗಾಜು, ಒಳಗೆ ಮೂರು ಹಲಗೆ, ನೆತ್ತಿಯ ಮೇಲೊಂದು ಟ್ಯೂಬ್‌ಲೈಟು, ಅಂಥ ಎದೆಮಟ್ಟದ ಶೋಕೇಸು ಅವರ ಜಗಲಿಯನ್ನು ಮುಕ್ಕಾಲು ಪಾಲು ಆಕ್ರಮಿಸಿಕೊಂಡು ಬೀದಿಗೆ ಮುಖ ಮಾಡಿ ನಿಂತಿತ್ತು. ಒಳಗೆ ಲಾಡು ಇಲ್ಲ, ಮೈಸೂರುಪಾಕಿಲ್ಲ. ನಡುವಿನ ಹಲಗೆಯ ಮೇಲೆ ಒಂದೇ ಒಂದು ವಸ್ತು. ಒಂದು ವಾರ ಜೋಳದ ಬೆಂಡಿನ ಗಾಡಿ, ಇನ್ನೊಂದು ವಾರ ಯಾರೋ ಹೆಣೆದ ಮಗುವಿನ ಕುಲಾವಿ, ಮತ್ತೊಂದು ವಾರ ಹರಿದ ಕೊಡೆಯ ಬಟ್ಟೆಯಲ್ಲಿ ಹೊಲಿದ ಸಂತೆ ಚೀಲ. ಅದರ ಹಿಂದೆ, ಅಂಗಡಿಯವರು ಕೂರುವ ಕಡೆ, ಗಂಡನ ಕಾಲದ ಮರದ ಸ್ಟೂಲಿನ ಮೇಲೆ ನಂಜಮ್ಮಣ್ಣಿ. ಸಣ್ಣ ಆಳು. ಕೂತರೆ ಗಾಜಿನ ಮೇಲೆ ಬಿಳಿ ತಲೆಯೊಂದು ಕಾಣುತ್ತಿತ್ತು, ಅಷ್ಟೆ.

ಅವರ ಯಜಮಾನರು ಬಸ್‌ಸ್ಟ್ಯಾಂಡಿನ ಹತ್ತಿರ ಮಿಠಾಯಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿಯ ಜಾಗ ಬೇರೆಯವರಿಗೆ ಹೋಯಿತು, ಬಾಣಲೆ, ಜಾಲರಿ ಸೌಟುಗಳು ಅಡುಗೆ ಭಟ್ಟರ ಪಾಲಾದವು. ಶೋಕೇಸನ್ನು ಯಾವುದೋ ಬೇಕರಿಯವರು ಕೇಳಿಕೊಂಡು ಬಂದಾಗ ಮಾತ್ರ ನಂಜಮ್ಮಣ್ಣಿ ಅಡ್ಡ ನಿಂತರಂತೆ. ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ತಂದರು. ಬಾಗಿಲಲ್ಲಿ ಹಿಡಿಸಲಿಲ್ಲ, ಜಗಲಿಯ ಮೇಲೇ ಉಳಿಯಿತು. ಬಹಳ ದಿನ ಹಳೆ ಸೀರೆ ಹೊದ್ದುಕೊಂಡು ಸುಮ್ಮನೆ ನಿಂತಿತ್ತು.

ಅದಕ್ಕೆ ಮತ್ತೆ ಜೀವ ಬಂದದ್ದು ಆ ಬೆಂಡಿನ ಗಾಡಿಯಿಂದ. ಹಿಟ್ಟಿನ ಮಿಲ್ಲಿನಲ್ಲಿ ಕೆಲಸ ಮಾಡುವ ಕೆಂಪಯ್ಯ ಮೊಮ್ಮಗಳಿಗೆಂದು ಜೋಳದ ದಂಟು ಸೀಳಿ, ಬೆಂಡು ತೆಗೆದು, ನೊಗ, ಮೂಕಿ, ಗಾಲಿ ಎಲ್ಲ ಇರುವ ಪುಟ್ಟ ಎತ್ತಿನ ಗಾಡಿ ಮಾಡಿಕೊಟ್ಟಿದ್ದ. ಮಗು ಆಡಿ ಅದನ್ನು ಈ ಜಗಲಿಯ ಮೇಲೆ ಮರೆತು ಹೋಯಿತು. ಹನಿ ಬೀಳತೊಡಗಿತ್ತು. ನೆನೆದೀತೆಂದು ನಂಜಮ್ಮಣ್ಣಿ ಗಾಡಿಯನ್ನು ಶೋಕೇಸಿನೊಳಗೆ ಇಟ್ಟರು. ಮಗು ಬಂದರೆ ಕಾಣಲಿ ಎಂದು ಲೈಟು ಹಾಕಿದರು. ಮಗು ಬರುವುದಕ್ಕೆ ಮೊದಲೇ ಸತ್ಯಮಂಗಲದ ಕಡೆಯ ಬಸ್ಸಿನಿಂದ ಇಳಿದ ಪುಣಜನೂರಿನ ಯಜಮಾನರೊಬ್ಬರು ಬಂದು, ಕಾಲು ಕಿಲೋ ಮೈಸೂರುಪಾಕು ಕಟ್ಟಿಕೊಡಿ ಎಂದರು. ದೀಪ ನೋಡಿ ಅಂಗಡಿ ಎಂದುಕೊಂಡಿದ್ದರು. ಹತ್ತಿರ ಬಂದು ನೋಡಿದರೆ ಒಳಗೆ ಗಾಡಿ. ಮೈಸೂರುಪಾಕು ಮರೆತರು. “ಇದ ಯಾರ್ ಮಾಡುದ್ದವ್ವ?” ಎಂದರು.

ನಂಜಮ್ಮಣ್ಣಿ ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದರು: “ನಮ್ಮೆಜಮಾನ್ರು ಇದ್ದ ಕಾಲದಲ್ಲೂ ಆ ಸೋಕೇಸ್ನ ಮುಂದ್ಗಡೆ ನಿಂತ್ಕಂಡು ಇದ್ಕೆಷ್ಟು ಅದ್ಕೆಷ್ಟು ಅಂತ ಕೇಳುದ್ರೇ ವರ್ತು, ಯಾರ್ ಮಾಡುದ್ರು ಅಂತ ಒಬ್ರೂ ಕೇಳ್ನಿಲ್ಲ ಕಣಮ್ಮಿ. ಒಲೆ ಮುಂದೆ ಬೇಯ್ತಿದ್ದೋಳು ನಾನು.” ದೂರಿನ ಹಾಗೆ ಹೇಳುತ್ತಿರಲಿಲ್ಲ. ನಗುತ್ತ, ಗಾಜಿನ ಮೇಲಿನ ಬೆರಳ ಗುರುತನ್ನು ಒದ್ದೆ ಪೇಪರಿನಿಂದ ಉಜ್ಜುತ್ತ ಹೇಳುತ್ತಿದ್ದರು.

ಅವತ್ತು ಆ ಪುಣಜನೂರಿನ ಯಜಮಾನರನ್ನು ಜಗಲಿಗೆ ಕರೆದು ಕೂರಿಸಿ, ಕೆಂಪಯ್ಯನಿಗೆ ಹೇಳಿಕಳಿಸಿದರಂತೆ. ಕೆಂಪಯ್ಯ ಮೈಯೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡು ಬಂದವನು, ಬೆಂಡು ಬಿರಿಯದ ಹಾಗೆ ಕಡ್ಡಿ ಚುಚ್ಚುವುದನ್ನು ಹೇಳುತ್ತ ಹೇಳುತ್ತ ಅಲ್ಲೇ ಕೂತುಬಿಟ್ಟ. ಆ ಯಜಮಾನರು ಊರಿಗೆ ಹಿಂತಿರುಗುವ ಬಸ್ಸು ತಪ್ಪಿಸಿಕೊಂಡರು.

ಅಲ್ಲಿಂದ ಶುರುವಾಯಿತು. ಸೋಮವಾರದಿಂದ ಸೋಮವಾರಕ್ಕೆ ಒಂದು ವಸ್ತು. ಬೀದಿಯವರೇ ಕೈಯಾರೆ ಮಾಡಿದ್ದಾಗಬೇಕು. ಮೊದಲ ಸಂಜೆ ಮಾಡಿದವರು ಪಕ್ಕದಲ್ಲಿ ನಿಂತಿರಬೇಕು. ಹೆಸರಿನ ಚೀಟಿ ಮಾತ್ರ ಅಂಟಿಸುವ ಹಾಗಿಲ್ಲ. ಚೀಟಿ ಇದ್ದರೆ ಓದಿಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ಕೇಳುತ್ತಾರೆ ಎನ್ನುವುದು ಅವರ ಲೆಕ್ಕ. ಇನ್ನೊಂದು ಅನುಕೂಲ ಆ ಶೋಕೇಸಿನಲ್ಲೇ ಇತ್ತು. ಅಂಗಡಿಯ ಶೋಕೇಸಿಗೆ ಬಾಗಿಲು ಇರುವುದು ಮಾರುವವರ ಕಡೆ. ಬೀದಿಯಲ್ಲಿ ನಿಂತವರು ನೋಡಬಹುದು, ಮುಟ್ಟುವ ಹಾಗಿಲ್ಲ. ಮುಟ್ಟಬೇಕಾದರೆ ಜಗಲಿ ಹತ್ತಿ, ಸುತ್ತಿಕೊಂಡು, ನಂಜಮ್ಮಣ್ಣಿಯ ಪಕ್ಕಕ್ಕೆ ಬರಬೇಕು. ಗಾಜಿಗೆ ಮೂಗು ಒತ್ತಿ ನಿಂತವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: “ಈ ಕಡೆಗ್ ಬಾ.”

ಶೋಕೇಸು ಎನ್ನುವ ಪದ ನಮ್ಮಲ್ಲಿ ಯಾರಿಗೂ ಹೊಸದಲ್ಲ. ನಮ್ಮ ಕಡೆ ಯಾವ ಮನೆಯ ಹಾಲಿಗೆ ಹೋದರೂ ಟಿವಿಯ ಪಕ್ಕ ಒಂದು ಶೋಕೇಸು ಇರುತ್ತದೆ. ಒಳಗೆ ಮಣಿಯ ಗಿಳಿ, ಪ್ಲಾಸ್ಟಿಕ್ ಗುಲಾಬಿ, ಯಾರೂ ಕಾಫಿ ಕುಡಿಯದ ಪಿಂಗಾಣಿ ಕಪ್ಪು, ಮದುವೆಯ ಫೋಟೊ. ಬೀಗರು ಬಂದಾಗ ಒರೆಸುತ್ತೇವೆ. ಈಗೀಗ ಮಕ್ಕಳ ಸ್ಕೂಲಿನಿಂದ ಟ್ಯಾಲೆಂಟ್ ಶೋಕೇಸ್ ಎಂದು ವಾಟ್ಸಾಪಿನಲ್ಲಿ ಕರೆಯೋಲೆ ಬರುತ್ತದೆ, ಅಲ್ಲಿ ಮಕ್ಕಳು ಕುಣಿಯುತ್ತಾರೆ, ನಾವು ಮೊಬೈಲು ಎತ್ತಿ ಹಿಡಿದಿರುತ್ತೇವೆ. ಇನ್ನು ನಮ್ಮತ್ತೆಯ ಬಾಯಲ್ಲಿ ಅದು ಬೈಗುಳ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕನ್ನಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ, “ನಿನ್ನೇನ್ ಸೋಕೇಸಲ್ಲಿ ಮಡಗಕ್ ತಂದಿದ್ದಾವಾ?” ಎನ್ನುತ್ತಿದ್ದರು. ಹೀಗಾಗಿ ಆ ಪದ ಕೇಳಿದರೆ, ನೋಡಲು ಚೆಂದ, ಕೆಲಸಕ್ಕೆ ಬಾರದ್ದು ಎನ್ನುವ ಅರ್ಥವೇ ನನಗೆ ಹೊಳೆಯುತ್ತಿತ್ತು. ನಂಜಮ್ಮಣ್ಣಿಯ ಜಗಲಿಯಲ್ಲಿ ಅದರ ಅರ್ಥ ಬೇರೆ ಇತ್ತು.

ಅದು ನನಗೆ ತಿಳಿದದ್ದು ಒಂದು ಹಳೇ ಮೊರದಿಂದ. ಮೆಂತ್ಯ ನೆನೆಸಿ ರುಬ್ಬಿ, ಅದಕ್ಕೆ ನೆನೆದ ಕಾಗದ ಕಲಸಿ, ಸಂದು ಬಿಟ್ಟಿದ್ದ ಮೊರಕ್ಕೆ ಬಳಿದು ನಮ್ಮ ಕಾಂಪೌಂಡಿನ ಮೇಲೆ ಒಣಗಲು ಇಟ್ಟಿದ್ದೆ. ನಂಜಮ್ಮಣ್ಣಿ ಹಾಲಿನ ಪಾಕೀಟು ತರಲು ಹೊರಟವರು ನಿಂತು ನೋಡಿ, ಬರುವ ಸೋಮವಾರ ಇದನ್ನು ತಾ ಎಂದರು. ನಾನು ನಕ್ಕೆ. ಹಳೇ ಮೊರ ದೊಡ್ಡವ್ವ, ಅದನ್ನೇನು ನೋಡುತ್ತಾರೆ ಎಂದೆ. “ಮೊರ ನೋಡ್ಲಿ ಅಂತ ಅಲ್ಲ ಕಣಮ್ಮಿ. ನಿನ್ನ ಕೇಳ್ಲಿ ಅಂತ,” ಎಂದು ಹೊರಟುಹೋದರು.

ಆ ಸೋಮವಾರ ಸಂಜೆ ನಾನು ಸೆರಗು ಸುತ್ತಿಕೊಂಡು ಜಗಲಿಯ ಮೂಲೆಯಲ್ಲಿ ನಿಂತಿದ್ದೆ. ಟ್ಯೂಬ್‌ಲೈಟಿನ ಕೆಳಗೆ ನನ್ನ ಮೊರ ಯಾರದೋ ಮೊರದ ಹಾಗೆ ಕಂಡಿತು. ಹರದನಹಳ್ಳಿಯಿಂದ ಕಾಲೇಜಿಗೆ ಬರುವ ಇಬ್ಬರು ಹುಡುಗಿಯರು, ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಒಬ್ಬ ಹೆಂಗಸು, ಒಬ್ಬೊಬ್ಬರಾಗಿ ಜಗಲಿ ಹತ್ತಿದರು. ಮೆಂತ್ಯ ಯಾಕೆ, ಮೈದಾ ಆಗಲ್ಲವಾ, ಹುಳ ಹಿಡಿಯಲ್ಲವಾ ಎಂದು ಕೇಳಿದರು. ನಾನು ಮಾತಾಡುತ್ತಲೇ ಇದ್ದೆ. ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ತಾವೇ ಮುದ್ದೆ ತೊಳಸಿ ಮುಗಿಸಿದ್ದರು. ಬೈಯುತ್ತಾರೆಂದು ಕಾದೆ. ಅವರು ತಟ್ಟೆ ಮುಂದಕ್ಕೆ ತಳ್ಳಿ, ಮೆಂತ್ಯದ ಜೊತೆ ಒಂದು ಚಿಟಿಕೆ ಅರಿಶಿನ ಹಾಕಬೇಕು ಅಂತ ಹೇಳಿದೆಯಾ ಇಲ್ಲವಾ ಎಂದು ಕೇಳಿದರು.

ಎಲ್ಲರಿಗೂ ಜಾಗ ಸಿಗುತ್ತಿತ್ತು ಅಂತಲ್ಲ. ಮೂಲೆಮನೆಯ ರಾಜಶೇಖರಪ್ಪನವರು ರಿಟೈರಾದ ಮೇಷ್ಟ್ರು, ಉತ್ತರದ ಪ್ರವಾಸ ಮುಗಿಸಿ ಬಂದವರೇ ಅಮೃತಶಿಲೆಯ ತಾಜ್‌ಮಹಲು ಹಿಡಿದುಕೊಂಡು ಜಗಲಿ ಹತ್ತಿದರು. ಒಳಗೆ ಬಲ್ಬು ಬೇರೆ ಉರಿಯುತ್ತಿತ್ತು. ನಂಜಮ್ಮಣ್ಣಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೆಚ್ಚಿ, ವಾಪಸು ಕೊಟ್ಟರು. “ಚೆಂದಾಗದೆ ಸ್ವಾಮಿ. ಆದ್ರ ಮಾಡ್ದೋನು ಆಗ್ರಾದಲ್ಲವ್ನೆ. ಅವನ್ನೂ ಕರ್ಕಂಡ್ ಬನ್ನಿ, ಮಡಗನ.” ಮೇಷ್ಟ್ರು ಕೆಲವು ವಾರ ಬೀದಿಯ ಆ ಬದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರು. ಆಮೇಲೊಂದು ದಿನ ಹೆಂಡತಿ ಊರಿನಲ್ಲಿಲ್ಲದಾಗ ತಾವೇ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ ತಂದರು. ಅದನ್ನು ಇಟ್ಟದ್ದಾಯಿತು, ಕೇಳಿದ್ದೂ ಆಯಿತು, ವಾರ ಮುಗಿಯುವುದರೊಳಗೆ ಜಾಡಿ ಖಾಲಿಯೂ ಆಯಿತು.

ಈ ಎಲ್ಲದರಿಂದ ದೂರ ಇದ್ದವನು ಒಬ್ಬನೇ, ನಂಜಮ್ಮಣ್ಣಿಯ ಮಗ ಮಾದೇಶ. ಗುಂಡ್ಲುಪೇಟೆ ರಸ್ತೆಯಲ್ಲಿ ಅವನದು ಗ್ರಿಲ್ ಅಂಗಡಿ, ಕಿಟಕಿ, ಗೇಟು ಮಾಡುತ್ತಾನೆ. ಮಾತು ಕಡಿಮೆ. ಅಂಗಡಿಗೆ ಬಂದವರು, ನಿಮ್ಮವ್ವ ಮಿಠಾಯಿ ಇಲ್ಲದ ಮಿಠಾಯಿ ಅಂಗಡಿ ಇಟ್ಟಿದ್ದಾರಂತೆ ಎಂದು ನಗೆಯಾಡುತ್ತಿದ್ದರೆಂದು ಅವನ ಹೆಂಡತಿ ನನ್ನ ಹತ್ತಿರ ಹೇಳಿದ್ದಳು. ಸಂಜೆ ಬಂದರೆ ಶೋಕೇಸಿನ ಪಕ್ಕ ತಲೆ ತಗ್ಗಿಸಿ ಸರಿದು ಒಳಗೆ ಹೋಗುತ್ತಿದ್ದ. ಬೀದಿಯ ಪ್ರತಿ ಮನೆಯ ಗೇಟೂ ಅವನು ಮಾಡಿದ್ದೇ, ಆದರೆ ಒಂದು ತುಂಡು ಕಬ್ಬಿಣ ಆ ಹಲಗೆಯ ಮೇಲೆ ಏರಲಿಲ್ಲ. ನೀವಾದರೂ ಕೇಳಬಾರದಾ ಎಂದು ನಾನು ಒಮ್ಮೆ ನಂಜಮ್ಮಣ್ಣಿಗೆ ಅಂದೆ. “ಅಂವ ತತ್ತೀನಿ ಅನ್ಬೇಕು. ನಾ ಕೇಳುದ್ರೆ ಅವ್ವ ಕೇಳುದ್ಲು ಅಂತ ತತ್ತಾನೆ. ಅದು ಬ್ಯಾಡ,” ಎಂದರು. ಅಂದು ಗಾಜನ್ನು ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದರು.

ಹೀಗಿರುವಾಗ ಬೀದಿಗೆ ಹೊಸ ಚರಂಡಿ ಬಂತು. ಬರಲೇಬೇಕಿತ್ತು. ಮಳೆ ಹಿಡಿದರೆ ನಮ್ಮ ಬಚ್ಚಲ ನೀರು ನಮ್ಮ ಬಾಗಿಲಿಗೇ ತಿರುಗಿ ಬರುತ್ತಿತ್ತು. ಆದರೆ ಎರಡೂ ಸಾಲಿನ ಜಗಲಿಗಳು ಕೂತಿದ್ದುದು ಚರಂಡಿಯ ಗೆರೆಯ ಮೇಲೆಯೇ. ಎಲ್ಲವನ್ನೂ ಒಡೆಯಬೇಕೆಂದಾಯಿತು. ನಮಗೆಲ್ಲ ಹೋಗುವುದು ಕೂರುವ ಜಾಗ. ನಂಜಮ್ಮಣ್ಣಿಗೆ ಹೋಗುವುದು ಏನೆಂದು ಎಲ್ಲರಿಗೂ ಗೊತ್ತಿತ್ತು.

ಮಾದೇಶ ಒಳ್ಳೆಯದನ್ನೇ ಯೋಚಿಸಿದ. ಬಾಗಿಲ ಚೌಕಟ್ಟನ್ನು ಬಿಚ್ಚಿಸಿ, ಬೀದಿಯ ಗಂಡಸರನ್ನು ಕರೆದು ಶೋಕೇಸನ್ನು ಹಾಲಿಗೆ ಸಾಗಿಸಿದ. ಗಾಜು ಬಂದವರಿಗೆ ಕಾಣಲಿ ಎಂದು ಬೆನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿದ. ಹಳೇ ಟ್ಯೂಬ್‌ಲೈಟು ತೆಗೆದು ಹೊಸ ಎಲ್‌ಇಡಿ ಹಾಕಿದ. ಚೌಕಟ್ಟು ಮತ್ತೆ ಕೂರಿಸಿ, ಗಾರೆ ಒಣಗಿದ ಮೇಲೆ ಎಲ್ಲರೂ ಒಂದು ಲೋಟ ಕಾಫಿ ಕುಡಿದೆವು. ಸೋಮವಾರ ಬಂತು. ಯಾರೋ ಹೆಣೆದ ವೈರ್ ಬುಟ್ಟಿ ಹಿಡಿದು ಒಳಗಿಡಲು ಹೋದರೆ ಬಾಗಿಲೇ ಇಲ್ಲ. ಬಾಗಿಲು ಇರುವುದು ಮಾರುವವರ ಕಡೆ ತಾನೆ, ಅದು ಗೋಡೆಗೆ ಅಂಟಿಕೊಂಡಿತ್ತು. ಎಲ್ಲರೂ ಸೇರಿ ಶೋಕೇಸನ್ನು ಹಿಂದುಮುಂದು ತಿರುಗಿಸಿದರು. ಈಗ ಬಾಗಿಲು ತೆರೆಯಿತು, ಗಾಜು ಗೋಡೆ ನೋಡುತ್ತ ನಿಂತಿತು. ಮೊದಲು ನಕ್ಕವರು ನಂಜಮ್ಮಣ್ಣಿಯೇ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಸೆರಗಿನಿಂದ ಒರೆಸಿಕೊಂಡು ಮಗನಿಗೆ ಮೆತ್ತಗೆ ಹೇಳಿದರು: “ಬುಡ್ಲಾ ಮಾದೇಸ. ಒಳಗಿದ್ರೆ ಅದು ಬೀರು ಕಣ. ಬೀದೀಲಿದ್ರೇ ಸೋಕೇಸು.”

ಆವತ್ತಿನಿಂದ ಲೈಟು ಹತ್ತಲಿಲ್ಲ. ನಂಜಮ್ಮಣ್ಣಿ ಸಂಜೆ ದೇವರ ದೀಪ ಹಚ್ಚಿ ಒಳಗೇ ಕೂರತೊಡಗಿದರು. ನಮ್ಮ ಮನೆಯ ಸ್ಕೂಟರು ನಿಲ್ಲಿಸುವ ಶೀಟಿನ ಕೆಳಗೆ ಇಟ್ಟುಕೊಳ್ಳಿ ಎಂದು ನಾನು ಹೇಳಿ ನೋಡಿದೆ. ನಿಮ್ಮ ಕಾಂಪೌಂಡಿನೊಳಗೆ ಇದ್ದರೆ ಅದು ನಿಮ್ಮದಾಗುತ್ತದೆ, ಗೇಟು ತೆಗೆದು ಕೇಳುವುದಕ್ಕೆ ಜನ ಹಿಂದೆಮುಂದೆ ನೋಡುತ್ತಾರೆ ಎಂದರು. ಮಾತು ಸರಿಯಾಗಿತ್ತು. ಅಷ್ಟರಲ್ಲಿ ಜಗಲಿಗಳನ್ನು ಒಡೆದರು, ಚರಂಡಿ ಆಯಿತು, ಮೇಲೆ ಚಪ್ಪಡಿ ಮುಚ್ಚಿದರು. ಅಂಗಳ ಗುಡಿಸಲು ಹೊರಗೆ ಬಂದ ಹೆಂಗಸರು ಈಗ ಕೂತು ಮಾತಾಡುವಂತಿರಲಿಲ್ಲ. ಗುಡಿಸಿ ಒಳಗೆ ಹೋಗುತ್ತಿದ್ದೆವು.

ಅಂಥದೊಂದು ಸಂಜೆ ನಾನು ಬಟ್ಟೆ ತೆಗೆಯುತ್ತಿದ್ದಾಗ ಮಾದೇಶ ಟೇಪು ಹಿಡಿದು ಚಪ್ಪಡಿಯ ಅಗಲ ಅಳೆಯುತ್ತಿದ್ದ. ಏನಪ್ಪಾ ಎಂದರೆ ಏನಿಲ್ಲ ಅಕ್ಕ ಎಂದ. ಮರುವಾರ ಆಟೋದಲ್ಲಿ ಕಬ್ಬಿಣದ ಚೌಕಟ್ಟೊಂದು ಬಂತು. ಕೆಳಗೆ ನಾಲ್ಕು ರಬ್ಬರ್ ಗಾಲಿ. ನಮ್ಮ ಬೀದಿ ಇಳಿಜಾರು, ಅದಕ್ಕಾಗಿ ಗಾಲಿಗೆ ಅಡ್ಡ ಬೀಳುವ ಒಂದು ಕೊಂಡಿ. ಮತ್ತೆ ಬಾಗಿಲ ಚೌಕಟ್ಟು ಬಿಚ್ಚಿಸಿ, ಮತ್ತೆ ಅದೇ ಗಂಡಸರನ್ನು ಕರೆದು ಶೋಕೇಸನ್ನು ಹೊರತಂದು ಆ ಗಾಲಿಯ ಚೌಕಟ್ಟಿನ ಮೇಲೆ ಕೂರಿಸಿದರು. ನಂಜಮ್ಮಣ್ಣಿ ಬಾಗಿಲಲ್ಲಿ ನಿಂತು ನೋಡಿದರು. ಸೋಮವಾರಕ್ಕೆ ಯಾರಿಂದಲೂ ಏನೂ ತರಿಸಬೇಡ ಎಂದು ನನಗೆ ಹೇಳಿದರು, ಅಷ್ಟೆ.

ಸೋಮವಾರ ಸಂಜೆ ಲೈಟು ಹತ್ತಿತು. ಮೂರು ಹಲಗೆಯೂ ಖಾಲಿ. ಜನ ಬಂದರು, ಬಗ್ಗಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ರಾಜಶೇಖರಪ್ಪ ಮೇಷ್ಟ್ರು, ಏನು ನಂಜಮ್ಮಣ್ಣಿಯೋರೆ, ಖಾಲಿ ಇಟ್ಟುಬಿಟ್ಟಿದ್ದೀರಿ ಎಂದರು.

“ಕೆಳೀಕ್ ನೋಡಿ ಸ್ವಾಮಿ.”

ಎಲ್ಲರೂ ಕೆಳಗೆ ನೋಡಿದರು. ಆಗಲೇ ನನಗೂ ಕಂಡದ್ದು. ಚೌಕಟ್ಟಿನ ಹಿಂದುಗಡೆ, ಮಾರುವವರ ಕಡೆ, ಮಡಚಿ ತೆಗೆಯುವ ಒಂದು ಸಣ್ಣ ಪೀಠ ಬೆಸುಗೆ ಹಾಕಿತ್ತು. ಒಬ್ಬ ಸಣ್ಣ ಆಳು ಕೂರುವಷ್ಟು. ನಂಜಮ್ಮಣ್ಣಿ ಅದರ ಮೇಲೆ ಕೂತಿದ್ದರು.

ಇದನ್ನು ಯಾರು ಮಾಡಿದ್ದು ಎಂದು ಮೇಷ್ಟ್ರು ಕೇಳಿದರು. ಅವರಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು. ಆದರೂ ಕೇಳಿದರು. ಬಾಗಿಲ ಮರೆಯಲ್ಲಿದ್ದ ಮಗನ ಕಡೆ ನಂಜಮ್ಮಣ್ಣಿ ತಿರುಗಿದರು. “ಕೇಳ್ತಾವ್ರೆ ನೋಡ್ಲಾ. ಈ ಕಡೆಗ್ ಬಾ.”

ಮಾದೇಶ ಬಂದ. ಮೊದಲು ಗಾಲಿ ಎಲ್ಲಿ ಸಿಕ್ಕಿತು ಎಂದಷ್ಟೇ ಹೇಳಿ ನಿಲ್ಲಿಸಿದ. ಕೆಂಪಯ್ಯ ಕೊಂಡಿಯ ವಿಷಯ ಕೇಳಿದ. ಕೊಂಡಿಯಿಂದ ಇಳಿಜಾರಿಗೆ, ಇಳಿಜಾರಿನಿಂದ ಬೆಸುಗೆಗೆ ಮಾತು ಹೋಯಿತು. ಪೀಠದ ಎತ್ತರ ಹೇಗೆ ಗೊತ್ತಾಯಿತು ಎಂದು ಯಾರೋ ಕೇಳಿದಾಗ, ಅಪ್ಪನ ಸ್ಟೂಲು ಅಳೆದೆ, ಅದರ ಮೇಲೆ ಕೂತರೆ ಅವ್ವನ ತಲೆ ಮಾತ್ರ ಕಾಣುತ್ತಿತ್ತು, ಅದಕ್ಕೇ ಒಂದು ಗೇಣು ಎತ್ತರಿಸಿದೆ ಎಂದ. ಹೌದು. ಅಂದು ಮೊದಲ ಸಲ ಬೀದಿಯಲ್ಲಿ ನಿಂತವರಿಗೆ ಗಾಜಿನ ಮೇಲೆ ನಂಜಮ್ಮಣ್ಣಿಯ ಪೂರ್ತಿ ಮುಖ ಕಾಣುತ್ತಿತ್ತು.

ಗಾಲಿ ಬಂದ ಮೇಲೆ ಶೋಕೇಸು ಒಂದು ಕಡೆ ನಿಲ್ಲಲಿಲ್ಲ. ಈ ವಾರ ಈ ಮನೆಯ ಮುಂದೆ, ಮುಂದಿನ ವಾರ ಪಕ್ಕದ ಮನೆಯ ಮುಂದೆ ಎಂದು ಬೀದಿಯ ಉದ್ದಕ್ಕೂ ಸರದಿ ಹಿಡಿಯಿತು. ಲೈಟಿಗೆ ಆಯಾ ಮನೆಯ ಕಿಟಕಿಯಿಂದ ವೈರು. ರಾತ್ರಿಗೆ ಮಾದೇಶನದೇ ಒಂದು ಟಾರ್ಪಾಲು.

ಮಂಡಿ ನೋವು ಜೋರಾದ ಮೇಲೆ ನಂಜಮ್ಮಣ್ಣಿಯನ್ನು ಗುಂಡ್ಲುಪೇಟೆಯ ಮಗಳು ಕರೆದುಕೊಂಡು ಹೋದಳು. ಅಲ್ಲಿ ಬಚ್ಚಲು, ಕೋಣೆ ಎಲ್ಲ ಒಂದೇ ಮಟ್ಟದಲ್ಲಿದ್ದವು. ಚೆಂಡು ಹೂವಿನ ಕಾಲದಲ್ಲಿ ನಾನು ನೋಡಿಬರಲು ಹೋದೆ. ರಸ್ತೆಯ ಎರಡೂ ಕಡೆ ಹೊಲ ಹಳದಿ, ಕೇಸರಿ. ಕೇರಳದ ಕಾರುಗಳು ಸಾಲಾಗಿ ನಿಂತು, ಜನ ಹೂವಿನ ನಡುವೆ ಇಳಿದು ಫೋಟೊ ತೆಗೆದುಕೊಳ್ಳುತ್ತಿದ್ದರು. ಮಗಳ ಮನೆಯ ಕಿಟಕಿಯಿಂದ ಅಂಥದೇ ಒಂದು ಹೊಲ ಕಾಣುತ್ತಿತ್ತು. ನಂಜಮ್ಮಣ್ಣಿ ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಇನ್ನಷ್ಟು ಸಣ್ಣಗಾಗಿ.

ಈ ವಾರ ಏನು ಎಂದು ಕೇಳಿದರು. ಉಡಿಗಾಲದಿಂದ ಬಂದ ಹೊಸ ಸೊಸೆಯೊಬ್ಬಳು ಹೊಸೆದ, ಕೊಡದ ಕೆಳಗಿಡುವ ನಾರಿನ ಸಿಂಬೆ ಎಂದೆ.

“ಯಾರ್ ಕೇಳುದ್ರು?”

ಕೇಳಿದವರ ಹೆಸರು ಒಂದೊಂದಾಗಿ ಹೇಳಿದೆ. ಒಬ್ಬೊಬ್ಬರಿಗೂ ತಲೆಯಾಡಿಸಿದರು. ಆಮೇಲೆ ಕಿಟಕಿಯ ಆಚೆ ಕೈ ತೋರಿದರು. “ಇವ್ರು ಇಳೀತಾರೆ, ಪಟ ತಗೀತಾರೆ, ಒಂಟೋಯ್ತಾರೆ. ಯಾರ್ ಬೆಳ್ದುದ್ದು ಅಂತ ಕೇಳದಿಲ್ಲ ಕಣಮ್ಮಿ. ಆ ಹೊಲದೋಳು ಚಿಕ್ಕತಾಯಿ ಅಂತ, ಕಾರ್ ಬಂದ್ರೆ ಪಂಪ್‌ಸೆಟ್ ಮನೆ ಹಿಂದಕ್ ಓಗಿ ನಿಂತ್ಕತಿದ್ಲು, ನಾಚ್ಕಂಡು. ನಾನೇ ಹೇಳ್ದೆ, ಹೂವಿನ್ ಪಕ್ಕ ನಿಂತ್ಕ ಅಂತ. ನಿಂತ್ಕಂಡ್ರೆ ಕೇಳ್ತಾರೆ.”

“ಕೇಳುದ್ರಾ ದೊಡ್ಡವ್ವ?”

ಮಲೆಯಾಳಿ ಹೆಂಗಸೊಬ್ಬಳು ಕೇಳಿದಳಂತೆ. ಭಾಷೆ ಬರದೆ, ಹೂವು ತೋರಿಸಿ, ಚಿಕ್ಕತಾಯಿಯನ್ನು ತೋರಿಸಿ, ನೀನಾ ಎನ್ನುವ ಹಾಗೆ ಹುಬ್ಬು ಏರಿಸಿದಳಂತೆ. ಇಬ್ಬರೂ ಬದುವಿನ ಮೇಲೆ ಕೂತು ಅದೇನು ಮಾತಾಡಿದರೋ, ಕಾರಿನವರು ಹಾರನ್ ಹೊಡೆದರೂ ಏಳಲಿಲ್ಲವಂತೆ. ಇದನ್ನು ಹೇಳುವಾಗ ನಂಜಮ್ಮಣ್ಣಿಯ ಮುಖ ಟ್ಯೂಬ್‌ಲೈಟಿನ ಹಿಂದೆ ಕೂತಾಗಿನ ಹಾಗೇ ಇತ್ತು. ನಾನು ಹೊರಟಾಗ, ಸಿಂಬೆಯವಳಿಗೆ ನಾನು ಕೇಳಿದೆ ಅಂತ ಹೇಳು ಎಂದರು. ಅದೇ ಕೊನೆಯ ಭೇಟಿ. ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು.

ಮುಂದಿನ ಸೋಮವಾರ ಸರದಿ ನಮ್ಮ ಮನೆಯದು. ಏನಿಡುವುದೆಂದು ನನಗೆ ತೋಚಲಿಲ್ಲ. ಮಾದೇಶನೇ ಶೋಕೇಸನ್ನು ತಳ್ಳಿಕೊಂಡು ಬಂದು, ಕೊಂಡಿ ಹಾಕಿ, ನಮ್ಮ ಕಿಟಕಿಯಿಂದ ವೈರು ಎಳೆದು ಲೈಟು ಹಾಕಿದ. ಗಾಜನ್ನು ಒದ್ದೆ ಪೇಪರಿನಿಂದ ಉಜ್ಜಿದ. ಒಳಗೆ ಏನೂ ಇಡಲಿಲ್ಲ. ಪೀಠವನ್ನು ಮಡಚಿದ ಹಾಗೇ ಬಿಟ್ಟು ಪಕ್ಕದಲ್ಲಿ ನಿಂತ.

ಬೀದಿಯವರು ಬಂದು ಸುಮ್ಮನೆ ನಿಂತು ಹೋದರು. ನಮಗೆ ಕೇಳುವುದೇನಿತ್ತು? ಕತ್ತಲಾಗುವ ಮುಂಚೆ ಕೊನೆಯ ಬಸ್ಸಿಗೆಂದು ಸರಸರ ನಡೆದು ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು, ಈ ಊರಿಗೆ ಹೊಸಬಳಿರಬೇಕು, ಬೆಳಕು ಕಂಡು ನಿಂತಳು. ಗಾಜಿಗೆ ಮೂಗು ಒತ್ತಿ ಮೂರು ಹಲಗೆಯನ್ನೂ ನೋಡಿದಳು. “ಅಣ್ಣಾ, ಯಾಕೆ ಏನೂ ಇಟ್ಟಿಲ್ಲ? ಇದು ಯಾರದು?” ಎಂದಳು.

ಮಾದೇಶ ಬಗ್ಗಿ ಪೀಠ ಬಿಡಿಸಿದ. ಅಂಗೈಯಿಂದ ಅದರ ಧೂಳು ಒರೆಸಿದ.

“ಈ ಕಡೆಗ್ ಬಾ ಕಣವ್ವ,” ಎಂದ. “ಕೂತ್ಕ, ಯೋಳ್ತೀನಿ.”